ಕೂಗಳತೆಯ ದೂರ

"ಜಪಾನ್ ಎಷ್ಟು ದೂರಪ್ಪಾ?" ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಒಂದು ಸಿದ್ಧ ಉತ್ತರ ಇರ್ತಿತ್ತು. "ಹತ್ತು ಗಂಟೆ ಅಷ್ಟೇ." ಮದುವೆ ಮನೆಯಲ್ಲಿ ಸಿಗುವ ನೆಂಟರಿಗೂ ಇದೇ ಉತ್ತರ, ಬೆಂಗಳೂರಿನ ಹಳೇ ಟೀಮಿನ ಗೆಳೆಯರಿಗೂ ಇದೇ, ಅಮ್ಮನಿಗೂ ಇದೇ. ಕಿಲೋಮೀಟರ್ ಲೆಕ್ಕ ಹೇಳಿದರೆ ಜನ ಹೆದರ್ತಾರೆ. ಬೆಂಗಳೂರಿಂದ ಟೋಕಿಯೋಗೆ ನೇರ ದಾರಿ ಹಿಡಿದರೂ ಸುಮಾರು 6,700 ಕಿಲೋಮೀಟರ್. ಅದನ್ನೇ ಗಂಟೆ ಲೆಕ್ಕಕ್ಕೆ ಇಳಿಸಿಬಿಟ್ಟರೆ ಭದ್ರಾವತಿಯಿಂದ ಧರ್ಮಸ್ಥಳಕ್ಕೆ ಹೋಗಿ ಬಂದಷ್ಟೇ ಸಲೀಸಾಗಿ ಕೇಳಿಸುತ್ತೆ.

ಈ ಬರಹ ಆ ಹತ್ತು ಗಂಟೆಯ ಬಗ್ಗೆ. ಲೆಕ್ಕದಲ್ಲಿ ಅದು ಸುಳ್ಳಲ್ಲ. ಆದರೂ ಅದನ್ನು ಹೇಳಿ ಹೇಳಿ ನಾನೊಂದು ತಪ್ಪು ಮಾಡಿದೆ. ಯಾವ ತಪ್ಪು ಅಂತ ತಿಳಿಯೋಕೆ ಒಂದು ಪಾವು ಅಕ್ಕಿಯ ಅನ್ನ ಬೇಕಾಯ್ತು.

ಮೊದಲು ಲೆಕ್ಕ ಸರಿ ಮಾಡ್ಕೊಳ್ಳೋಣ. ಟೋಕಿಯೋದ ನಾರಿತಾ ನಿಲ್ದಾಣದಿಂದ ಬೆಂಗಳೂರಿಗೆ ನೇರ ವಿಮಾನದಲ್ಲಿ ಬರೋಕೆ ಹತ್ತಿರ ಹತ್ತಿರ ಹತ್ತು ಗಂಟೆ ಬೇಕು. ಆದರೆ ಬೆಂಗಳೂರಿಂದ ನಾರಿತಾಗೆ ಹೋಗೋಕೆ ಎಂಟೂವರೆ ಗಂಟೆ ಸಾಕು. ಅವೇ ಎರಡು ಊರು, ಅಂಥದೇ ವಿಮಾನ. ವ್ಯತ್ಯಾಸಕ್ಕೆ ಕಾರಣ ಗಾಳಿ. ನೆಲದಿಂದ ಹತ್ತು ಕಿಲೋಮೀಟರ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯುವ ಗಾಳಿ ಇದೆ, ಜೆಟ್ ಸ್ಟ್ರೀಮ್ ಅಂತಾರೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ರಭಸ ಬಹಳ. ಊರು ಬಿಟ್ಟು ಹೋಗುವಾಗ ಅದು ಬೆನ್ನ ಹಿಂದಿಂದ ತಳ್ಳುತ್ತೆ, ಊರಿಗೆ ಬರುವಾಗ ಎದುರಿಗೆ ನಿಲ್ಲುತ್ತೆ. ಬಿಟ್ಟು ಹೋಗೋದು ಸುಲಭ, ತಿರುಗಿ ಬರೋದು ಕಷ್ಟ ಅನ್ನೋ ಮಾತು ಈ ದಾರಿಯಲ್ಲಿ ಟೈಮ್‌ಟೇಬಲ್‌ನಲ್ಲೇ ಅಚ್ಚಾಗಿದೆ.

ಈ ಗಾಳಿಯನ್ನು ಮೊದಲು ಸರಿಯಾಗಿ ಅಳೆದವರು ವಾಸಾಬುರೊ ಓಯಿಶಿ ಅನ್ನುವ ಜಪಾನಿ ಹವಾಮಾನ ವಿಜ್ಞಾನಿ. 1920ರ ದಶಕದಲ್ಲಿ ತಾತೆನೊ ಎಂಬಲ್ಲಿನ ವೀಕ್ಷಣಾಲಯದಿಂದ ಬಲೂನು ಹಾರಿಬಿಟ್ಟು, ಅವು ಎಷ್ಟು ವೇಗವಾಗಿ ಪೂರ್ವಕ್ಕೆ ಸರೀತವೆ ಅಂತ ಬರೆದಿಟ್ಟರು. 1926ರಲ್ಲಿ ವರದಿ ಅಚ್ಚು ಹಾಕಿಸಿದರು, ಎಸ್ಪರಾಂಟೊ ಭಾಷೆಯಲ್ಲಿ! ಜಗತ್ತಿಗೆಲ್ಲ ಒಂದೇ ಭಾಷೆ ಇರಲಿ ಅಂತ ಕಟ್ಟಿದ ಭಾಷೆ ಅದು. ಹೊರಗಿನವರು ಯಾರೂ ಅದರ ಕಡೆ ಗಮನ ಕೊಡಲಿಲ್ಲ. 1944ರಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಜಪಾನಿನ ಮೇಲೆ ಹಾರಿದಾಗ ಆ ಗಾಳಿ ಅವಕ್ಕೆ ಎದುರುಬದುರಾಗಿ ಸಿಕ್ಕಿತು. ಹೇಳಬೇಕಾದವರು ಹದಿನೆಂಟು ವರ್ಷ ಮೊದಲೇ ಹೇಳಿದ್ದರು. ಕೇಳಬೇಕಾದವರಿಗೆ ಆ ಭಾಷೆ ಬರ್ತಿರಲಿಲ್ಲ.

ನಮ್ಮಮ್ಮನಿಗೂ ಅಂಥದ್ದೊಂದು ಭಾಷೆ ಇದೆ. ನನ್ನ ವಿಷಯದಲ್ಲಿ ವ್ಯತ್ಯಾಸ ಇಷ್ಟೇ, ನನಗೆ ಆ ಭಾಷೆ ಬರುತ್ತೆ. ಬರದವನ ಹಾಗೆ ಇದ್ದೆ.

ನಮ್ಮದು ಭದ್ರಾವತಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಒಂದಿಷ್ಟು ಅಡಿಕೆ. ನನ್ನ ಬಿ.ಇ. ಫೀಸು ಆ ಅಡಿಕೆಯಿಂದಲೇ ಬಂದದ್ದು. ಅಪ್ಪ ತೀರಿಕೊಂಡ ಮೇಲೆ ಗದ್ದೆಯನ್ನು ಗುತ್ತಿಗೆಗೆ ಕೊಟ್ಟು ಅಮ್ಮ ಓಲ್ಡ್ ಟೌನಿಗೆ ಬಂದಳು. ಭದ್ರಾವತಿ ಗೊತ್ತಿಲ್ಲದವರಿಗೆ ಹೇಳಬೇಕು, ನಮ್ಮಲ್ಲಿ ಎರಡು ಊರಿವೆ. ಹೊಳೆಯ ಒಂದು ಕಡೆ ಓಲ್ಡ್ ಟೌನ್, ಇನ್ನೊಂದು ಕಡೆ ಕಾರ್ಖಾನೆಯ ಜೊತೆ ಬೆಳೆದ ನ್ಯೂ ಟೌನ್. ಓಲ್ಡ್ ಟೌನಿನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ. ಅಲ್ಲಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಹೆಂಚಿನ ಮನೆ ಸಿಕ್ಕಿತು. ಗೋಡೆಗೆ ಗೋಡೆ ಅಂಟಿದ ಮನೆಗಳ ಸಾಲು. ಒಬ್ಬರ ಮನೆ ಒಗ್ಗರಣೆ ಇನ್ನೊಬ್ಬರ ಮನೆಯಲ್ಲಿ ಸೀನು ತರಿಸುತ್ತೆ.

2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆ ಆಯ್ತು. ಆಗಸ್ಟ್ 31ಕ್ಕೆ ಬೆಂಗಳೂರಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಅವತ್ತು ಅಮ್ಮ ವಿಡಿಯೋ ಕಾಲ್ ಮಾಡಿ, "ನಿನ್ನ ಏರೋಪ್ಲೇನು ಇನ್ಮೇಲೆ ಇಲ್ಲೇ ಬಂದು ನಿಲ್ಲುತ್ತಂತೆ ಕಣೋ" ಅಂದಳು. ನಾನೂ ಹುರುಪಿನಲ್ಲಿ, "ಹೌದಮ್ಮ, ಅಲ್ಲೀವರೆಗೆ ಹತ್ತು ಗಂಟೆ, ಅಲ್ಲಿಂದ ಒಂದು ಗಂಟೆ ಚಿಲ್ಲರೆ. ಬೆಳಿಗ್ಗೆ ಹೊರಟ್ರೆ ರಾತ್ರಿ ಊಟಕ್ಕೆ ಮನೇಲಿ" ಅಂದೆ. ಅಮ್ಮ ಅದನ್ನ ಬೀದಿಗೆಲ್ಲ ಹೇಳಿಕೊಂಡು ಬಂದಳು.

ಮುಂದೆ ಒಂದು ಜನವರಿಯ ಮಂಗಳವಾರ ಸಂಜೆ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ತಂಬಿಗೆ ಉರುಳಿದ ಸದ್ದು ಪಕ್ಕದ ಮನೆಗೆ ಕೇಳಿಸಿತು. ಆ ಮನೆಯ ಅಕ್ಕ ಹಿತ್ತಿಲ ಬಾಗಿಲಿಂದ ಓಡಿ ಬಂದು, ಜನ ಕೂಡಿಸಿ, ಆಂಬುಲೆನ್ಸ್ ಕರೆಸಿ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ತೊಡೆಮೂಳೆ ಸೊಂಟದ ಹತ್ತಿರ ಮುರಿದಿತ್ತು. ದಾವಣಗೆರೆಯಿಂದ ನಮ್ಮಕ್ಕ ಮಗನನ್ನು ಕಟ್ಟಿಕೊಂಡು ಸಿಕ್ಕಿದ ಬಸ್ ಹತ್ತಿ ಬಂದಳು. ಅಲ್ಲಿ ರಾತ್ರಿ ಒಂಬತ್ತು, ನನಗೆ ಹನ್ನೆರಡೂವರೆ. ಫೋನ್ ಬಂತು. ಅಕ್ಕ ವಿಷಯ ಹೇಳಿ ಅಮ್ಮನ ಕೈಗೆ ಕೊಟ್ಟಳು.

"ಏನೂ ಆಗಿಲ್ಲ ಕಣೋ, ಸ್ವಲ್ಪ ಜಾರಿದೆ. ನಿನಗೆ ಆಫೀಸಿದೆ, ಮಗೂಗೆ ಸ್ಕೂಲಿದೆ. ಅಷ್ಟು ದೂರದಿಂದ ಬರೋದೇನೂ ಬೇಡ."

ಅಷ್ಟು ದೂರ. ಅಮ್ಮನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ನಾಲ್ಕು ವರ್ಷದಿಂದ ಅವಳಿಗೂ ಜಪಾನ್ ಹತ್ತು ಗಂಟೆಯೇ ಆಗಿತ್ತು. ನನ್ನ ಅಗತ್ಯ ಬಿದ್ದ ರಾತ್ರಿ ಅವಳೇ ಅಳತೆ ಬದಲಾಯಿಸಿದಳು, ನನಗೆ ತಪ್ಪಿಸಿಕೊಳ್ಳೋಕೆ ಜಾಗ ಇರಲಿ ಅಂತ. ನಾನು ಆ ಜಾಗದಲ್ಲಿ ಹೋಗಿ ಕೂತೆ.

ಬುಧವಾರ: ಶುಕ್ರವಾರ ರಿಲೀಸ್ ಇದೆ, ಆಪರೇಷನ್ ಆದಮೇಲೆ ಹೋದರೆ ಜಾಸ್ತಿ ದಿನ ಇರಬಹುದು ಅಂದುಕೊಂಡೆ. ಗುರುವಾರ: ಆಪರೇಷನ್. ಅಕ್ಕ ಫೋನು ಹಿಡಿದು ತೋರಿಸಿದಳು, ಸ್ಟ್ರೆಚರ್ ಮೇಲೆ ಅಮ್ಮನ ಬರಿಗೈ, ಬಳೆ ಬಿಚ್ಚಿಸಿದ್ದರು. ಶುಕ್ರವಾರ: ರಿಲೀಸ್ ಸುಸೂತ್ರ ಆಯ್ತು. ಟಿಕೆಟ್ ದರ ನೋಡಿದೆ, ಎರಡು ದಿನ ಬಿಟ್ಟರೆ ಇಳಿಯಬಹುದು ಅನ್ನಿಸಿತು. ಶನಿವಾರ, ಭಾನುವಾರ: ಇಳಿಯಲಿಲ್ಲ. ಸೋಮವಾರ: ಮ್ಯಾನೇಜರ್ ಹತ್ತಿರ ಕೇಳಿದೆ. ಆ ಮನುಷ್ಯ ಗಾಬರಿಯಾಗಿ, "ಇನ್ನೂ ಯಾಕೆ ಇಲ್ಲಿದ್ದೀರಿ?" ಅಂದರು. ಹಿಂದಿನ ಬುಧವಾರ ಕೇಳಿದ್ದರೆ ಅದೇ ಬುಧವಾರ ಕಳಿಸ್ತಿದ್ದರು. ನಾನು ಕೇಳಿರಲಿಲ್ಲ. ಸೀಟು ಸಿಕ್ಕಿದ್ದು ಗುರುವಾರದ ವಿಮಾನಕ್ಕೆ.

ಇನ್ನು ದಾರಿಯ ಲೆಕ್ಕ. ನಿಶಿಕಸಾಯಿಯ ಮನೆಯಿಂದ ನಾರಿತಾಗೆ ಎರಡು ಗಂಟೆ. ಅಲ್ಲಿ ಕಾದದ್ದು ಎರಡೂವರೆ. ಹಾರಾಟ ಹತ್ತು. ಬೆಂಗಳೂರಲ್ಲಿ ಇಮಿಗ್ರೇಷನ್, ಲಗೇಜು ಒಂದೂವರೆ. ಮಧ್ಯರಾತ್ರಿ ಹೊತ್ತಿಗೆ ಸೋಗಾನೆಗೆ ವಿಮಾನ ಎಲ್ಲಿಂದ ಬರಬೇಕು? ಟ್ಯಾಕ್ಸಿ ಹಿಡಿದು ತುಮಕೂರು, ಅರಸೀಕೆರೆ, ಕಡೂರು, ತರೀಕೆರೆ ದಾಟಿ ಮನೆ ಮುಟ್ಟೋಕೆ ಆರು. ಒಟ್ಟು 22 ಗಂಟೆ. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಓಲ್ಡ್ ಟೌನ್.

ಅಮ್ಮ ಆಗಲೇ ಆಸ್ಪತ್ರೆಯಿಂದ ಮನೆಗೆ ಬಂದು, ನಡುಮನೆಯ ಮಂಚದ ಮೇಲೆ ವಾಕರ್ ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ನನ್ನ ಮುಖ ಸವರಿ, "ಸೊರಗಿದೀಯಲ್ಲೋ" ಅಂದಳು. ಕಾಲು ಮುರಿದದ್ದು ಅವಳಿಗೆ, ಸೊರಗಿದ್ದು ನಾನು! ಅಷ್ಟರಲ್ಲಿ ಪಕ್ಕದ ಮನೆ ಅಕ್ಕ ಇಡ್ಲಿ ತಂದರು. ನನ್ನ ಕಂಡು ಖುಷಿಯಾಗಿ ಹೇಳಿದರು:

"ಬಂದ್ರಾ! ನಿಮ್ಮಮ್ಮ ಯಾವಾಗ್ಲೂ ಹತ್ತು ಗಂಟೆ ದಾರಿ ಅಂತಿದ್ರಲ್ಲ, ಬುಧವಾರ ಮಧ್ಯಾಹ್ನಕ್ಕೆ ಬಂದೇ ಬರ್ತೀರ ಅಂತ ನಿಮಗೂ ಸೇರ್ಸಿ ಒಂದು ಪಾವು ಅಕ್ಕಿ ಜಾಸ್ತಿ ಹಾಕಿದ್ದೆ. ಬುತ್ತಿ ಕಟ್ಕೊಂಡು ಆಸ್ಪತ್ರೆಗೂ ತಂದಿದ್ದೆ. ಇರ್ಲಿ ಬಿಡಿ, ರಾತ್ರಿ ನಾವೇ ಚಿತ್ರಾನ್ನ ಮಾಡ್ಕೊಂಡ್ವಿ."

ಅದರಲ್ಲಿ ಒಂದು ಚೂರೂ ಕೊಂಕಿರಲಿಲ್ಲ. ನಗ್ತಾ ಹೇಳಿದರು, ಚಟ್ನಿ ಬಡಿಸಿದರು, ಹೋದರು. ಅಮ್ಮ ಕಿಟಕಿ ಕಡೆ ನೋಡ್ತಾ ಇದ್ದಳು. ನನಗೆ ಇಡ್ಲಿ ಗಂಟಲಲ್ಲಿ ಇಳಿಯಲಿಲ್ಲ.

ಕೋಡ್ ನಿಧಾನ ಓಡ್ತಿದೆ ಅಂದಾಗ ನಾವು ಎಂಜಿನಿಯರುಗಳು ಮೊದಲು ಮಾಡೋದು ಪ್ರೊಫೈಲಿಂಗ್. ಒಟ್ಟು ಸಮಯದಲ್ಲಿ ಯಾವ ಭಾಗ ಎಷ್ಟು ತಿಂತಿದೆ ಅಂತ ಅಳೆಯೋದು. ಅವತ್ತು ರಾತ್ರಿ ಅಮ್ಮ ಮಲಗಿದ ಮೇಲೆ ನಾನೂ ಅಳೆದೆ. ಫೋನ್ ಬಂದ ಗಳಿಗೆಯಿಂದ ಬಾಗಿಲು ಮುಟ್ಟುವವರೆಗೆ 227 ಗಂಟೆ. ಅದರಲ್ಲಿ ವಿಮಾನ ಗಾಳಿಯಲ್ಲಿದ್ದದ್ದು ಹತ್ತು. ಪೂರ್ತಿ ದಾರಿ 22. ಉಳಿದ 205 ಗಂಟೆ ನಾನು ಮನೆ ಬಿಟ್ಟು ಹೊರಟೇ ಇರಲಿಲ್ಲ.

ಹತ್ತು ಗಂಟೆಗೆ ನಾನು ಹೊಣೆ ಅಲ್ಲ. ಅದು ಎಂಜಿನ್ನು, ಗಾಳಿ, ಭೂಮಿಯ ದುಂಡಗಿನ ಆಕಾರ ಸೇರಿ ತೀರ್ಮಾನ ಮಾಡಿದ್ದು. ನಾನು ಹೊಣೆ ಆಗಿದ್ದರೆ ಆ 205ಕ್ಕೆ. ಆದರೆ ಯಾರು ಕೇಳಿದರೂ ನಾನು ಹೇಳ್ತಿದ್ದದ್ದು ನನ್ನ ಕೈಯಲ್ಲಿಲ್ಲದ ಲೆಕ್ಕವನ್ನು ಮಾತ್ರ. ನಾವೆಲ್ಲ ಮಾಡೋದು ಇದನ್ನೇ ಅಲ್ವಾ? "ಸಿಂಗಪುರ ನಾಲ್ಕೂವರೆ ಗಂಟೆ", "ದುಬೈ ನಾಲ್ಕು ಗಂಟೆ", "ಬೆಂಗಳೂರೇನು, ಜನಶತಾಬ್ದಿ ಹತ್ತಿದರೆ ಆಯ್ತು". ವೈಟ್‌ಫೀಲ್ಡಲ್ಲಿರೋ ಗೆಳೆಯನೊಬ್ಬ ಊರಿಗೆ ಹೋಗಿ ಹನ್ನೊಂದು ತಿಂಗಳಾಗಿದೆ. ಅವನ ಅಪ್ಪ ಅಮ್ಮ ಇರೋದು ಚನ್ನಗಿರಿಯಲ್ಲಿ. ನಾನೇ ದೂರ ಅಂತ ಅವನು ನನ್ನ ಮೇಲೆ ಕನಿಕರ ಪಡ್ತಾನೆ.

ಹಾಗಾದರೆ "ಹತ್ತು ಗಂಟೆ" ಅನ್ನೋದು ಸುಳ್ಳಾ? ನಾನು ಬಹಳ ಯೋಚನೆ ಮಾಡಿದೆ. ಗೂಗಲ್‌ಗೆ ಕೇಳಿದರೆ ಅದೂ ಹತ್ತು ಗಂಟೆ ಅಂತಲೇ ಹೇಳುತ್ತೆ, ಅದನ್ನ ನಂಬಿ ಯಾರೂ ಅನ್ನಕ್ಕಿಡಲ್ಲ. ಅದೇ ಮಾತನ್ನ ಕಾಯುವವರಿಗೆ ಹೇಳಿದಾಗ ಅದು ಬರೀ ಮಾಹಿತಿ ಆಗಿ ಉಳಿಯಲ್ಲ. "ಹತ್ತು ಗಂಟೆ ಅಷ್ಟೇ ಅಮ್ಮ" ಅಂದರೆ ಅಮ್ಮ ಕೇಳಿಸಿಕೊಳ್ಳೋದು, "ನೀನು ಬಿದ್ದರೆ ಹತ್ತು ಗಂಟೆಯಲ್ಲಿ ಇರ್ತೀನಿ" ಅಂತ. ನಾನು ದೂರ ಹೇಳಿದೆ ಅಂದುಕೊಂಡಿದ್ದೆ, ಕೊಟ್ಟದ್ದು ಮಾತು. ನಮ್ಮಮ್ಮ ಆ ಮಾತಿನ ಮೇಲೆ ಒಂದು ಬೀದಿಯನ್ನೇ ನಂಬಿಸಿದ್ದಳು. ಪಕ್ಕದ ಮನೆಯವರು ಅದರ ಮೇಲೆ ಅಕ್ಕಿ ಅಳೆದಿದ್ದರು.

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು. ಊರು ಬಿಟ್ಟು ಹೋಗೋದೇ ತಪ್ಪು ಅಂತೀಯಾ? ಇಲ್ಲ. ಭದ್ರಾವತಿಯವನಾಗಿ ಹಾಗೆ ಹೇಳಿದರೆ ಊರೇ ನಗುತ್ತೆ. ಬೆಂಕಿಪುರ ಅಂತಿದ್ದ ಈ ಊರಲ್ಲಿ 1923ರಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿತು. ಆಮೇಲೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರೇ ಬಂತು. ಅಲ್ಲಿ ಕುಲುಮೆ ಮುಂದೆ ನಿಂತವರಲ್ಲಿ ಎಷ್ಟೋ ಜನ ತಮಿಳು, ತೆಲುಗು ನಾಡಿನಿಂದ ಅಪ್ಪ ಅಮ್ಮನ್ನ ಬಿಟ್ಟು ಬಂದವರು. ಪಕ್ಕದ ಮನೆ ಅಕ್ಕನ ಮಾವನೂ ಹಾಗೆ ಬಂದವರೇ. ಅವರ ತಾಯಿ ತೀರಿಕೊಂಡ ಸುದ್ದಿ ಟೆಲಿಗ್ರಾಂನಲ್ಲಿ ಬಂತಂತೆ, ರೈಲು ಬದಲಾಯಿಸಿ ಊರು ಮುಟ್ಟುವಾಗ ಮೂರನೇ ದಿನ, ಎಲ್ಲ ಮುಗಿದಿತ್ತಂತೆ. ಅವರು ಟೆಲಿಗ್ರಾಂ ಕೈಗೆ ಬಂದ ದಿನವೇ ಹೊರಟಿದ್ದರು. ಅವರನ್ನು ತಡೆದದ್ದು ದೂರ. ನನ್ನನ್ನು ತಡೆದದ್ದು ದೂರ ಅಲ್ಲ, ಆದರೆ ಅವರ ನೆಪವನ್ನೇ ನಾನೂ ಬಳಸಿದೆ. ವಿಮಾನ ದೂರವನ್ನು ಸಣ್ಣದು ಮಾಡಿದ ಹಾಗೆಲ್ಲ ನೆಪವೂ ಸಣ್ಣದಾಗಬೇಕಿತ್ತು. ಆಗಲಿಲ್ಲ.

1972ರಲ್ಲಿ ಪೀಟರ್ ಸಿಂಗರ್ ಅನ್ನೋ ತತ್ವಶಾಸ್ತ್ರಜ್ಞ ಒಂದು ಪ್ರಸಿದ್ಧ ಲೇಖನ ಪ್ರಕಟಿಸಿದ, ಬಂಗಾಳದ ನಿರಾಶ್ರಿತರನ್ನು ಮನಸ್ಸಲ್ಲಿಟ್ಟುಕೊಂಡು. ಕಣ್ಣೆದುರು ಮುಳುಗುತ್ತಿರುವ ಮಗುವನ್ನು ಎತ್ತಬೇಕು ಅನ್ನುವುದಾದರೆ, ದೂರದಲ್ಲಿ ಹಸಿದವರ ವಿಷಯದಲ್ಲೂ ಅಷ್ಟೇ ಹೊಣೆ ಇದೆ, ದೂರ ಅನ್ನೋದು ಹೊಣೆಯನ್ನು ಕಡಿಮೆ ಮಾಡಲ್ಲ ಅನ್ನೋದು ಅವನ ವಾದ. ನಮ್ಮಲ್ಲಿ ತುಂಬ ಜನ ಇದನ್ನು ಒಪ್ಪಿ ತಿಂಗಳು ತಿಂಗಳು ದಾನಕ್ಕೆ ದುಡ್ಡು ಎತ್ತಿಡ್ತೀವಿ. ಗುರುತಿಲ್ಲದವರ ವಿಷಯದಲ್ಲಿ ದೂರ ಲೆಕ್ಕಕ್ಕಿಲ್ಲ ಅನ್ನುವ ನಾವು, ಹೆತ್ತವಳ ವಿಷಯಕ್ಕೆ ಬಂದಾಗ ದೂರವನ್ನು ಜೇಬಿಂದ ತೆಗೀತೀವಿ.

ಇನ್ನೂ ಒಂದು ಮಾತು, ಇದು ನಮ್ಮಕ್ಕನ ಬಗ್ಗೆ. ನಾನು ಆ 205 ಗಂಟೆ ಕೂತಿರೋಕೆ ಆಗಿದ್ದೇ "ಅಕ್ಕ ಇದ್ದಾಳಲ್ಲ" ಅನ್ನೋ ಧೈರ್ಯದಿಂದ. ಅವಳು ಶಾಲೆಗೆ ರಜೆ ಹಾಕಿ, ಅತ್ತೆ ಮಾವನಿಗೆ ಹೇಳಿ ಒಪ್ಪಿಸಿ, ಮಗನ ಪರೀಕ್ಷೆ ಬಿಡಿಸಿ ಬಂದಿದ್ದಳು. ಅವಳಿಗೆ ಎಷ್ಟು ದೂರ ಆಯ್ತು ಅಂತ ಯಾರೂ ಕೇಳಲಿಲ್ಲ. ದಾವಣಗೆರೆ ಎರಡು ಗಂಟೆ ಅಷ್ಟೇ ಅಲ್ವಾ! ಮಗಳ ದೂರವನ್ನು ನಾವು ಬಸ್ಸಿನ ಗಂಟೆಯಲ್ಲಿ ಅಳೀತೀವಿ, ಮಗನ ದೂರಕ್ಕೆ ಅವನ ರಿಲೀಸು, ಮೀಟಿಂಗು ಎಲ್ಲ ಸೇರಿಸ್ತೀವಿ.

ಹಾಗಂತ ಪ್ರತಿ ಸಲ ಓಡಿ ಬರಬೇಕು ಅಂತ ನಾನು ಹೇಳ್ತಿಲ್ಲ. ಬರಲಾಗದ ದಿನ ಇರುತ್ತೆ, ಬರಬೇಕಾಗಿಲ್ಲದ ದಿನವೂ ಇರುತ್ತೆ. ಆದರೆ ಆಗ ಹೇಳಬೇಕಾದ ವಾಕ್ಯ "ದೂರ ಅಮ್ಮ" ಅಲ್ಲ. "ಈ ಸಲ ನಾನು ಬರ್ತಿಲ್ಲಮ್ಮ" ಅನ್ನೋದು. ಮೊದಲ ವಾಕ್ಯದಲ್ಲಿ ಕರ್ತೃವೇ ಇಲ್ಲ, ಎರಡನೆಯದರಲ್ಲಿ ನಾನಿದ್ದೀನಿ. ಹೇಳಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ. ಆ ಬುಧವಾರ ನಾನು ಈ ಎರಡನೇ ವಾಕ್ಯ ಹೇಳಬೇಕಾಗಿ ಬಂದಿದ್ದರೆ, ಬಹುಶಃ ಹೇಳೋಕಾಗದೆ ಮ್ಯಾನೇಜರ್ ಹತ್ತಿರ ಹೋಗ್ತಿದ್ದೆ.

ನಮ್ಮ ಹಳ್ಳಿಯಲ್ಲಿ ಹತ್ತಿರ ಅನ್ನೋಕೆ ಒಂದು ಅಳತೆ ಇದೆ, ಕೂಗಳತೆ. ಗದ್ದೆ ಬದುವಿನ ಮೇಲೆ ನಿಂತು ಕೂಗಿದರೆ ಮನೆಗೆ ಕೇಳುತ್ತೆ ಅಂದರೆ ಅದು ಕೂಗಳತೆ ದೂರ. ಅಪ್ಪನಿಗೆ ಬುತ್ತಿ ತೆಗೆದುಕೊಂಡು ಹೋದಾಗ ನಾನೂ ಎಷ್ಟೋ ಸಲ ಕೂಗಿದ್ದೀನಿ. ಅಪ್ಪ ಕಾಣ್ತಿರಲಿಲ್ಲ, ಅಡಿಕೆ ಮರಗಳ ಆಚೆಯಿಂದ "ಓ" ಅಂತಿದ್ದರು. ಆ "ಓ" ಬರದಿದ್ದರೆ ಎಷ್ಟೇ ಹತ್ತಿರ ಇದ್ದರೂ ಅದು ಕೂಗಳತೆ ಆಗ್ತಿರಲಿಲ್ಲ. ಕೂಗುವವರ ಗಂಟಲು ಅರ್ಧ ಅಳತೆ, ಓಗೊಡುವವರು ಇನ್ನರ್ಧ. ಈಗ ಫೋನು ಕೂಗನ್ನು 6,700 ಕಿಲೋಮೀಟರ್ ಆಚೆಗೂ ಒಂದು ಕ್ಷಣದಲ್ಲಿ ಮುಟ್ಟಿಸುತ್ತೆ. ನಾವೆಲ್ಲ ನಮ್ಮ ಮನೆಯ ಕೂಗಳತೆಯಲ್ಲೇ ಇದ್ದೀವಿ. ಕೇಳಿಸಲಿಲ್ಲ ಅನ್ನೋಕೆ ಯಾರಿಗೂ ಸಾಧ್ಯವಿಲ್ಲ.

ಹೊರಡುವ ಹಿಂದಿನ ದಿನ ಅಮ್ಮನ ಹತ್ತಿರ ಕೂತು ಹೇಳಿದೆ. "ಅಮ್ಮ, ಹತ್ತು ಗಂಟೆ ಅಲ್ಲ, ಇಪ್ಪತ್ತೆರಡು ಗಂಟೆ. ಟಿಕೆಟ್ಟಿಗೆ ದುಡ್ಡು ಬೇರೆ ತೆಗೆದಿಟ್ಟಿದೀನಿ, ದರ ನೋಡಲ್ಲ. ಆಫೀಸಲ್ಲೂ ಹೇಳಿ ಇಟ್ಟಿದೀನಿ. ನೀನು ಕರೆದರೆ ಇಪ್ಪತ್ತೆರಡು ಗಂಟೆ."

ಅಮ್ಮ ಸೆರಗಿನ ತುದಿ ಮಡಚ್ತಾ ಇದ್ದಳು. "ನಾನು ಕರೀತೀನೇನೋ?" ಅಂದಳು.

ಕರೆಯಲ್ಲ. ಅದು ನನಗೂ ಗೊತ್ತು. ಅವಳ ಭಾಷೆಯಲ್ಲಿ "ಬಾ" ಅನ್ನೋ ಶಬ್ದ ಇಲ್ಲ, "ಬರಬೇಡ" ಅನ್ನೋದೊಂದೇ ಇರೋದು. ಹಾಗಾಗಿ ಪಕ್ಕದ ಮನೆಗೆ ಹೋದೆ. "ಅಕ್ಕಾ, ಅಮ್ಮ ಏನೇ ಹೇಳ್ಲಿ, ನಾನು ಬರಬೇಕು ಅಂತ ನಿಮಗೆ ಅನ್ನಿಸಿದ್ರೆ ನೀವು ಫೋನ್ ಮಾಡಿ. ಅವಳ ಮಾತು ಕೇಳಬೇಡಿ" ಅಂದೆ. ಅವರು ನನ್ನ ನಂಬರನ್ನು ಮೊಬೈಲಲ್ಲಿ ಹಾಕಿಕೊಂಡದ್ದಲ್ಲದೆ ಅಡುಗೆಮನೆ ಕ್ಯಾಲೆಂಡರಿನ ಅಂಚಿನಲ್ಲೂ ಪೆನ್ನಿನಿಂದ ಬರೆದರು. ಬರೆದು ಮುಗಿಸಿ ಕೇಳಿದರು:

"ಹಂಗಾದ್ರೆ ಅಕ್ಕಿ ಯಾವತ್ತು ಹಾಕ್ಲಿ? ಅವತ್ತಾ, ಮಾರನೇ ದಿನವಾ?"

"ಮಾರನೇ ದಿನ ರಾತ್ರಿಗೆ ಹಾಕಿ ಅಕ್ಕ" ಅಂದೆ.